ನಕ್ಷೆಯ ಆಕೃತಿಗಳು ಮತ್ತು ಕಾರ್ಯವಿಧಾನದ ಸಂಕೇತಗಳು

ಪುಣೆ ನಗರದ ಪಶ್ಚಿಮ ಅಂಚಿನಲ್ಲಿರುವ ಹಿಂಜವಾಡಿಯು ಮುಳಶಿ ತಾಲ್ಲೂಕಿನ ಒಂದು ಗ್ರಾಮ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ರೂಪಿಸಿದ ರಾಜೀವ್ ಗಾಂಧಿ ಮಾಹಿತಿ ತಂತ್ರಜ್ಞಾನ ಪಾರ್ಕಿನಿಂದಾಗಿ ಇಂದು ಅದರ ಹೆಸರು ದೇಶದಾದ್ಯಂತ ಪರಿಚಿತವಾಗಿದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿಗಳ ಮೂಲಕ ಮುಂಬಯಿಗೆ ಸಾಗುವ ಹೆದ್ದಾರಿಯು ಈ ಊರಿನ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಉದ್ಯೋಗವನ್ನರಸಿ ಇಲ್ಲಿ ನೆಲೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಇಲ್ಲಿನಂತಹ ತಂತ್ರಾಂಶ ಕೇಂದ್ರಗಳಲ್ಲಿ ಬ್ಯಾಂಕು, ವಿಮೆ, ಕಾರ್ಖಾನೆ ಹಾಗೂ ಸರ್ಕಾರಿ ಕಚೇರಿಗಳ ಕೆಲಸಕ್ಕೆ ತಂತ್ರಾಂಶವನ್ನು ಸಿದ್ಧಪಡಿಸುವ ಮೊದಲು, ಆ ಕೆಲಸವು ಹೇಗೆ ನಡೆಯುತ್ತದೆ ಎಂಬುದನ್ನು ನಕ್ಷೆಯಾಗಿ ಬರೆದುಕೊಳ್ಳುವುದು ರೂಢಿ. ಹಳೆಯ ನಕ್ಷೆಯನ್ನು ಹೊಸ ಸಂಕೇತಪದ್ಧತಿಗೆ ತರುವಾಗ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಎರಡು ಪದ್ಧತಿಗಳು

ಕೆಲಸದ ಹಂತಗಳನ್ನು ಚಿತ್ರಿಸುವ ಕ್ರಮವು ಹೊಸದೇನಲ್ಲ. ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು 1921ರಲ್ಲಿಯೇ ಇಂತಹ ನಕ್ಷೆಗಳನ್ನು ಇಂಜಿನಿಯರುಗಳ ಮುಂದೆ ಮಂಡಿಸಿದ್ದರು. ಮುಂದೆ ಗಣಕಯಂತ್ರದೊಡನೆ ಫ್ಲೋಚಾರ್ಟ್ ಬಳಕೆಗೆ ಬಂದಿತು. 1992ರಲ್ಲಿ ಹೊರಬಂದ ವಿಸಿಯೊ ಎಂಬ ತಂತ್ರಾಂಶವು ಇದನ್ನು ಕಚೇರಿಯ ಮೇಜಿಗೇ ತಂದಿತು. ಆಯತ, ವಜ್ರಾಕೃತಿ, ಬಾಣಗಳನ್ನು ಯಾರು ಬೇಕಾದರೂ ಎಳೆದು ಜೋಡಿಸಬಹುದಾಯಿತು.

ಆದರೆ ಚಿತ್ರವು ಮನುಷ್ಯರು ನೋಡಲೆಂದು ಬರೆದದ್ದು. ಅದನ್ನು ಯಂತ್ರವು ಓದಿ ನಡೆಸಬೇಕಾದರೆ ಪ್ರತಿಯೊಂದು ಆಕೃತಿಗೂ ನಿಶ್ಚಿತವಾದ ಅರ್ಥವಿರಬೇಕು. ಈ ಅಗತ್ಯದಿಂದ ಹುಟ್ಟಿದ ಸಂಕೇತಪದ್ಧತಿಯೇ ಬಿ.ಪಿ.ಎಂ.ಎನ್. ಇದರ ಮೊದಲ ಆವೃತ್ತಿ 2004ರಲ್ಲಿ ಪ್ರಕಟವಾಯಿತು. 2011ರ ಎರಡನೆಯ ಆವೃತ್ತಿಯು 2013ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು. ಇದರಲ್ಲಿ ತೆಳುಗೆರೆಯ ವೃತ್ತವು ಆರಂಭವನ್ನೂ, ದಪ್ಪಗೆರೆಯ ವೃತ್ತವು ಅಂತ್ಯವನ್ನೂ, ಜೋಡಿಗೆರೆಯ ವೃತ್ತವು ನಡುವೆ ಸಂಭವಿಸುವ ಘಟನೆಯನ್ನೂ ಸೂಚಿಸುತ್ತವೆ. ಮೂಲೆಗಳು ದುಂಡಾಗಿರುವ ಆಯತವು ಒಂದು ಕೆಲಸ. ವಜ್ರಾಕೃತಿಯು ಕವಲು, ಅದರೊಳಗಿನ ಗುರುತನ್ನು ಅನುಸರಿಸಿ ಕವಲಿನ ಬಗೆ ಬದಲಾಗುತ್ತದೆ.

ಹೊಂದಾಣಿಕೆಯ ಪಟ್ಟಿ

ಹಳೆಯ ಕಡತವನ್ನು ಆಮದು ಮಾಡಿಕೊಳ್ಳುವಾಗ ಒಂದು ಪಟ್ಟಿಯ ನೆರವನ್ನು ಪಡೆಯಲಾಗುತ್ತದೆ. ಎಡಗಡೆ ಕಡತದಲ್ಲಿರುವ ಆಕೃತಿಗಳ ಹೆಸರು, ಬಲಗಡೆ ಅವುಗಳಿಗೆ ಸಲ್ಲಬೇಕಾದ ಸಂಕೇತ. ನೋಡಲು ಇದು ಸುಲಭ. ತೊಡಕು ಏಳುವುದು ಒಂದೇ ಆಕೃತಿಗೆ ಎರಡು ಅರ್ಥವಿದ್ದಾಗ. ಫ್ಲೋಚಾರ್ಟಿನಲ್ಲಿ ಆರಂಭಕ್ಕೂ ಅಂತ್ಯಕ್ಕೂ ಉದ್ದನೆಯ ದುಂಡುತುದಿಯ ಆಕೃತಿಯೊಂದನ್ನೇ ಬಳಸುತ್ತಾರೆ. ಪಟ್ಟಿಯಲ್ಲಿ ಅದನ್ನು ಆರಂಭವೆಂದು ನಮೂದಿಸಿದರೆ ಕೆಲಸಕ್ಕೆ ಎರಡು ಆರಂಭಗಳಾಗಿ, ಅಂತ್ಯವೇ ಇಲ್ಲವಾಗುತ್ತದೆ! ಆದ್ದರಿಂದ ಆಕೃತಿಯನ್ನಲ್ಲದೆ ಬಾಣಗಳನ್ನೂ ನೋಡಬೇಕು. ಒಳಗೆ ಬರುವ ಬಾಣವಿಲ್ಲದಿದ್ದರೆ ಅದು ಆರಂಭ, ಹೊರಗೆ ಹೋಗುವ ಬಾಣವಿಲ್ಲದಿದ್ದರೆ ಅಂತ್ಯ.

ಬಾಣಗಳ ವಿಷಯದಲ್ಲಿಯೂ ಒಂದು ಮೋಸವಿದೆ. ಕಣ್ಣಿಗೆ ಆಯತವನ್ನು ಮುಟ್ಟಿದಂತೆ ಕಾಣುವ ಗೆರೆಯು ಕಡತದೊಳಗೆ ಅದಕ್ಕೆ ಅಂಟಿಕೊಂಡಿರಲಾರದು. ಅಂತಹ ಗೆರೆಯು ಆಮದಿನ ನಂತರ ಎಲ್ಲಿಯೂ ಸೇರದೆ ಉಳಿಯುತ್ತದೆ.

ಹಿಂದಿಯಿಂದ ಕನ್ನಡಕ್ಕೆ ಅನುವಾದಿಸುವವರಿಗೆ ಈ ಬಗೆಯ ಕಷ್ಟ ಅಪರಿಚಿತವಲ್ಲ. ಹಿಂದಿಯ ‘ಅವಸರ’ವು ಅವಕಾಶ, ನಮ್ಮದು ಆತುರ, ಅಲ್ಲಿನ ‘ಉಪನ್ಯಾಸ’ವು ಕಾದಂಬರಿ, ಇಲ್ಲಿನದು ಭಾಷಣ. ‘ಶಿಕ್ಷಾ’ ಎಂಬುದನ್ನು ಹಾಗೆಯೇ ‘ಶಿಕ್ಷೆ’ ಎಂದಿಟ್ಟರೆ ಶಾಲೆಯ ಮಕ್ಕಳ ಗತಿಯೇನು? ರೂಪವು ಒಂದೇ ಆಗಿರುವಲ್ಲಿಯೇ ಹೆಚ್ಚು ಎಚ್ಚರ ಬೇಕಾಗುತ್ತದೆ.

ಮೂವತ್ತು ದಿನಗಳ ಪೆಟ್ಟಿಗೆ

ಕರ್ನಾಟಕದ ಓದುಗರಿಗೆ ಪರಿಚಿತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯು ಜಾರಿಗೆ ಬಂದ ಕಾಲದಲ್ಲಿ, ಜಮೀನಿನ ಖಾತೆ ಬದಲಾವಣೆಗೆ ಅರ್ಜಿ ಬಂದ ಮೇಲೆ ಸಂಬಂಧಪಟ್ಟವರಿಗೆ ನೋಟೀಸು ನೀಡಿ, ಆಕ್ಷೇಪಣೆಗಾಗಿ 30 ದಿನಗಳವರೆಗೆ ಕಾಯಬೇಕಾಗಿತ್ತು. ಆಕ್ಷೇಪಣೆ ಬಾರದಿದ್ದಲ್ಲಿ ಕಂದಾಯ ನಿರೀಕ್ಷಕರು ಬದಲಾವಣೆಯನ್ನು ದೃಢೀಕರಿಸುತ್ತಿದ್ದರು. ಬಂದಲ್ಲಿ ಪ್ರಕರಣವು ತಕರಾರು ವಹಿಗೆ ಸೇರುತ್ತಿತ್ತು.

ಇದನ್ನು ಫ್ಲೋಚಾರ್ಟಿನಲ್ಲಿ ಬರೆಯುವವರು ‘30 ದಿನ ಕಾಯುವುದು’ ಎಂದು ಒಂದು ಆಯತದೊಳಗೆ ಬರೆದುಬಿಡುವುದು ಸಹಜ. ಓದುವವರಿಗೆ ಅರ್ಥವಾಗುತ್ತದೆ. ಆದರೆ ಪಟ್ಟಿಯಲ್ಲಿ ಆಯತವೆಂದರೆ ಕೆಲಸ. ಹೀಗೆ ಆಮದಾದ ನಕ್ಷೆಯನ್ನು ನಡೆಸಿದರೆ ‘ಕಾಯುವುದು’ ಯಾರೋ ಒಬ್ಬ ಸಿಬ್ಬಂದಿಯ ಪಾಲಿನ ಕೆಲಸವಾಗಿ ತೆರೆಯ ಮೇಲೆ ಮೂಡುತ್ತದೆ. ಅವರು ಎರಡನೆಯ ದಿನವೇ ‘ಮುಗಿಯಿತು’ ಎಂದು ಒತ್ತಿದರೆ ತಡೆಯುವವರಿಲ್ಲ. ದುಡಿಮೆಗಾಗಿ ಪರವೂರಿಗೆ ಹೋಗಿದ್ದ ಸಹೋದರನು ತನ್ನ ಹಕ್ಕಿನ ಮಾತನ್ನು ಹೇಳಲು ಹಿಂದಿರುಗುವುದರೊಳಗಾಗಿ ಕಡತವು ಮುಂದೆ ಸಾಗಿರುತ್ತದೆ.

ಇಲ್ಲಿ ಬೇಕಾದದ್ದು ಜೋಡಿಗೆರೆಯ ವೃತ್ತದೊಳಗೆ ಗಡಿಯಾರವಿರುವ ಕಾಲಸೂಚಕ ಸಂಕೇತ. ಅವಧಿ ತುಂಬುವವರೆಗೆ ಅದನ್ನು ಯಾರೂ ದಾಟಿಸಲಾರರು. ಅದರ ಹಿಂದೆ ಇರಬೇಕಾದ ಕವಲೂ ಸಾಮಾನ್ಯವಾದದ್ದಲ್ಲ: ಆಕ್ಷೇಪಣೆಯ ಪತ್ರ ಮತ್ತು ಅವಧಿಯ ಮುಕ್ತಾಯ, ಇವೆರಡರಲ್ಲಿ ಮೊದಲು ಸಂಭವಿಸಿದ್ದನ್ನು ಅನುಸರಿಸಿ ದಾರಿ ಹಿಡಿಯುವ ಘಟನಾಧಾರಿತ ಕವಲು. ಪಟ್ಟಿಯು ಎಲ್ಲ ವಜ್ರಾಕೃತಿಗಳನ್ನೂ ಒಂದೇ ಬಗೆಯವೆಂದು ಎಣಿಸಿದರೆ ಈ ವ್ಯತ್ಯಾಸವು ಅಳಿಸಿಹೋಗುತ್ತದೆ. ಈಚಿನ ವರ್ಷಗಳಲ್ಲಿ ನೋಂದಾಯಿತ ವ್ಯವಹಾರಗಳಿಗೆ ಈ ಅವಧಿಯನ್ನು ಕಡಿಮೆ ಮಾಡಲಾಗಿದೆ. ಕಾಲಸೂಚಕವನ್ನು ಸರಿಯಾಗಿ ಇಟ್ಟಿರುವ ನಕ್ಷೆಯಲ್ಲಿ ಅಂತಹ ಬದಲಾವಣೆಗೆ ಒಂದು ಅಂಕಿಯನ್ನು ತಿದ್ದಿದರೆ ಸಾಕು.

ಆಮದಿನ ನಂತರ

ಹೊಂದಾಣಿಕೆಯ ಪಟ್ಟಿಯನ್ನು ತಂತ್ರಜ್ಞರಿಗಷ್ಟೇ ಒಪ್ಪಿಸದೆ, ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಗುಮಾಸ್ತರೊಬ್ಬರನ್ನು ಜೊತೆಯಲ್ಲಿ ಕೂರಿಸಿಕೊಳ್ಳುವುದು ಒಳಿತು. ಯಾವ ಆಯತವು ಕೆಲಸ, ಯಾವುದು ಕಾಯುವಿಕೆ ಎಂಬುದನ್ನು ಅವರು ನೋಡಿದೊಡನೆ ಹೇಳಬಲ್ಲರು. ಆಮದಿನ ಬಳಿಕ ಹಳೆಯ ಚಿತ್ರವನ್ನೂ ಹೊಸ ನಕ್ಷೆಯನ್ನೂ ಅಕ್ಕಪಕ್ಕದಲ್ಲಿಟ್ಟು ಆಕೃತಿಗಳನ್ನೂ ಬಾಣಗಳನ್ನೂ ಎಣಿಸಬೇಕು. ಬಣ್ಣಗಳಿಗೆ ಅರ್ಥ ಕೊಟ್ಟಿದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳಬೇಕು. ಪಟ್ಟಿಗೆ ಬಣ್ಣ ತಿಳಿಯದು. ಒಮ್ಮೆ ತಯಾರಿಸಿದ ಪಟ್ಟಿಯನ್ನು ಉಳಿಸಿಕೊಂಡು ಮುಂದಿನ ಕಡತಗಳಿಗೂ ಬಳಸಬಹುದು, ಆದರೆ ಅವೆಲ್ಲವನ್ನೂ ಅದೇ ರೂಢಿಯಲ್ಲಿ ಬರೆದಿದ್ದಲ್ಲಿ ಮಾತ್ರ.