ಪೆಟ್ರೋಲಿನ ಜಾಡು ಹಿಡಿಯುವ ಮೇಸ್ತ್ರಿ

ಗಾಡಿ ನಾಲ್ಕು ಕಿಲೋಮೀಟರ್ ಓಡುತ್ತದೆ, ಆಮೇಲೆ ಮಿಸ್ ಹೊಡೆದು ನಿಲ್ಲುತ್ತದೆ. ರಸ್ತೆ ಪಕ್ಕ ಹತ್ತು ನಿಮಿಷ ನಿಲ್ಲಿಸಿ ಕಿಕ್ ಹೊಡೆದರೆ ಏನೂ ಆಗೇ ಇಲ್ಲವೆನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಮತ್ತೆ ನಾಲ್ಕು ಕಿಲೋಮೀಟರ್, ಮತ್ತೆ ಅದೇ ಗೋಳು. ನಂಜನಗೂಡಿನ ನಿವೃತ್ತ ಮೇಷ್ಟ್ರೊಬ್ಬರ ಯೆಜ್ಡಿಯ ಕಾಯಿಲೆ ಇದು. ಪ್ಲಗ್ ಬದಲಾಯಿಸಿದ್ದಾಗಿತ್ತು, ಕಂಡೆನ್ಸರ್ ಬದಲಾಯಿಸಿದ್ದಾಗಿತ್ತು, ಯಾರದೋ ಮಾತು ಕೇಳಿ ಕಾರ್ಬೊರೇಟರನ್ನೇ ಹೊಸದು ಹಾಕಿಸಿದ್ದೂ ಆಗಿತ್ತು. ಕೊನೆಗೆ ಯಾರೋ ಪುಣ್ಯಾತ್ಮರು ಮೈಸೂರಿನ ಮಂಡಿ ಮೊಹಲ್ಲಾದ ಈ ಅಂಗಡಿಯ ದಾರಿ ತೋರಿಸಿದ್ದರು.

ಅಂಗಡಿಯೆಂದರೆ ಒಂದು ಶಟರ್, ಒಂದು ಮರದ ಹಲಗೆ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಕೇಬಲ್‌ಗಳು. ಬೋರ್ಡಿಲ್ಲ. ಮೇಸ್ತ್ರಿಗೆ ಅರವತ್ತು ದಾಟಿದೆ. ಪತ್ರಿಕೆಯಲ್ಲಿ ಹೆಸರು ಬೇಡ, ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲ ಎಂದರು. ಸುತ್ತಲಿನವರು ಕರೆಯುವಂತೆ ಇಲ್ಲಿಯೂ ಅವರು ಮೇಸ್ತ್ರಿಯಾಗಿಯೇ ಇರಲಿ.

ಸ್ಪ್ಯಾನರ್ ಮುಟ್ಟುವ ಮೊದಲು ಅವರು ಮಾತಿಗಿಳಿದರು.

‘ಗಾಡಿ ನಿಂತಾಗ ಟ್ಯಾಂಕ್ ಮುಚ್ಚಳ ತೆಗೆದಿದ್ರಾ ಮೇಷ್ಟ್ರೇ?’

‘ಪೆಟ್ರೋಲ್ ಇದ್ಯೋ ಇಲ್ವೋ ನೋಡೋಣ ಅಂತ ಒಂದ್ಸಲ ತೆಗೆದೆ.’

‘ತೆಗೆದ ಮೇಲೆ ಕಾಯ್ದೇನೇ ಸ್ಟಾರ್ಟ್ ಆಯ್ತು, ಅಲ್ವಾ?’

ಮೇಷ್ಟ್ರು ನೆನಪು ಮಾಡಿಕೊಂಡು ಹೌದೆಂದರು. ಮೇಸ್ತ್ರಿ ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದರು. ಅದರಲ್ಲಿ ಸೂಜಿಮೊನೆಯಷ್ಟು ಒಂದು ತೂತು. ವರ್ಷಗಟ್ಟಲೆ ಪಾಲಿಶ್ ಉಜ್ಜಿ ಉಜ್ಜಿ ಅದು ಮುಚ್ಚಿಹೋಗಿತ್ತು. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಒಳಗಿನ ಒತ್ತಡ ಕುಸಿದು ಪೆಟ್ರೋಲ್ ಕೆಳಗಿಳಿಯುವುದೇ ಇಲ್ಲ. ಫ್ಲೋಟ್ ಚೇಂಬರ್ ಬರಿದಾಗಿ ಎಂಜಿನ್ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಸಂದಿಗೊಂದಿಯಿಂದ ಅಷ್ಟಿಷ್ಟು ಗಾಳಿ ಸೇರಿ ಮತ್ತೆ ಹರಿಯುತ್ತದೆ. ಕರೆಂಟ್ ವೈರಿನ ಒಂದು ತಾಮ್ರದ ಎಳೆಯನ್ನು ತೂತಿನಲ್ಲಿ ಆಡಿಸಿ, ಬಾಯಲ್ಲಿ ಊದಿ, ಮುಚ್ಚಳ ಹಾಕಿ ಕೊಟ್ಟರು. ಮೇಷ್ಟ್ರು ರಿಂಗ್ ರೋಡಿನವರೆಗೆ ಹೋಗಿ ಬಂದರು. ಗಾಡಿ ಎಲ್ಲೂ ನಿಲ್ಲಲಿಲ್ಲ. ಎಷ್ಟು ಕೊಡಲಿ ಎಂದು ಕೇಳಿದರೆ, ಮೂರು ಟೀ ಹೇಳಿ ಸಾಕು ಎಂಬ ಉತ್ತರ ಬಂತು.

‘ಪೆಟ್ರೋಲ್ ಬರೋ ದಾರೀಲೇ ನಾವೂ ಬರ್ಬೇಕು ಸರ್. ಮಧ್ಯದಲ್ಲಿ ಹಾರಬಾರ್ದು’ ಎಂದರು ಮೇಸ್ತ್ರಿ ನನ್ನ ಕಡೆ ತಿರುಗಿ. ಅವರ ವಿದ್ಯೆಯೆಲ್ಲ ಆ ಮಾತಿನಲ್ಲಿದೆ. ಮೊದಲು ಮುಚ್ಚಳ, ಆಮೇಲೆ ಟ್ಯಾಪ್, ಟ್ಯಾಪಿನ ಮೇಲಿನ ಜಾಲರಿ, ಪೈಪ್, ಫ್ಲೋಟ್, ಜೆಟ್, ಎಂಜಿನ್ನಿಗೆ ಕೂರುವ ಗ್ಯಾಸ್ಕೆಟ್, ಕೊನೆಗೆ ಪ್ಲಗ್. ಹಳೆಯ ಬೈಕ್ ಕೈಕೊಟ್ಟ ಕೂಡಲೇ ಕಾರ್ಬೊರೇಟರ್ ಬಿಚ್ಚುವವರೇ ಹೆಚ್ಚು. ದೋಷ ಅನೇಕ ಸಲ ಅಲ್ಲಿಗೆ ತಲುಪುವ ಮುಂಚೆಯೇ ಸಿಕ್ಕಿರುತ್ತದೆ.

ಟ್ಯಾಪಿನ ಪೈಪ್ ಕಳಚಿ, ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಟ್ಟು ಹಲಗೆಯ ಮೇಲಿಡುತ್ತಾರೆ. ಧಾರೆ ಸಣ್ಣದಾದರೆ ಜಾಲರಿ ಕಟ್ಟಿದೆ ಎಂದರ್ಥ. ಬಾಟಲಿ ಸ್ವಲ್ಪ ಹೊತ್ತು ಅಲುಗಾಡದೆ ಕೂತರೆ ತುಕ್ಕಿನ ಪುಡಿ, ನೀರು ಎಲ್ಲ ತಳದಲ್ಲಿ ನಿಲ್ಲುತ್ತದೆ. ನೀರು ಕಂಡರೆ ಟ್ಯಾಂಕ್ ಪೂರ್ತಿ ಇಳಿಸದೆ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಕಾರ್ಬೊರೇಟರ್ ಮಾಡುವ ಕೆಲಸ ಹೇಳಲು ಸುಲಭ. ಅತ್ತರಿನ ಬಾಟಲಿಯ ರಬ್ಬರ್ ಬುರುಡೆ ಒತ್ತಿದಾಗ ನುಗ್ಗುವ ಗಾಳಿ ಅತ್ತರನ್ನು ಮೇಲಕ್ಕೆಳೆದು ತುಂತುರಾಗಿಸುವಂತೆ, ಎಂಜಿನ್ ಎಳೆಯುವ ಗಾಳಿ ಕಿರಿದಾದ ಕೊರಳಿನಲ್ಲಿ ರಭಸದಿಂದ ಹಾಯುವಾಗ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪ್ರಮಾಣ ಮಾತ್ರ ತಪ್ಪುವಂತಿಲ್ಲ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಒಂದೆರಡು ಹಿತ್ತಾಳೆ ಜೆಟ್, ಒಂದು ಸೂಜಿ, ಒಂದು ಫ್ಲೋಟ್ ಸೇರಿ ಆ ಲೆಕ್ಕ ಕಾಯುತ್ತವೆ.

ಆ ಫ್ಲೋಟಿನ ಮೇಲೆ ಮೇಸ್ತ್ರಿ ಮಾಡುವ ಕೆಲಸವನ್ನು ನೋಡಲೆಂದೇ ಜನ ನಿಲ್ಲುತ್ತಾರೆ. ಹಳೆಯ ಗಾಡಿಗಳಲ್ಲಿ ಅದು ತೆಳು ಹಿತ್ತಾಳೆಯ ಟೊಳ್ಳು ಡಬ್ಬಿ. ಕಾರ್ಬೊರೇಟರ್ ಓವರ್‌ಫ್ಲೋ ಆಗುತ್ತಿದೆ ಎಂದು ಬಂದ ಗಾಡಿಯ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಪೆಟ್ರೋಲ್ ಕುಲುಕಿತು. ಕಣ್ಣಿಗೆ ಕಾಣದ ಒಂದು ಬಿರುಕಿನಿಂದ ಒಳಸೇರಿ, ತೇಲಬೇಕಾದದ್ದನ್ನು ಮುಳುಗಿಸಿದೆ. ಫ್ಲೋಟ್ ಮೇಲೇಳದಿದ್ದರೆ ಪೆಟ್ರೋಲಿನ ದಾರಿ ಮುಚ್ಚುವ ಸೂಜಿಯೂ ಮುಚ್ಚುವುದಿಲ್ಲ. ಬಿರುಕು ಹುಡುಕಲು ಬಿಸಿನೀರಿನ ಬಟ್ಟಲಿನಲ್ಲಿ ಅದ್ದಿ ಹಿಡಿದರು. ಒಳಗಿನ ಆವಿ ಹಿಗ್ಗಿ ಒಂದೇ ಜಾಗದಿಂದ ಗುಳ್ಳೆಗಳು ಎದ್ದವು. ಅಲ್ಲೊಂದು ಗೀಟು. ಒಳಗಿನ ಪೆಟ್ರೋಲ್ ಪೂರ್ತಿ ಹೊರಬಿದ್ದು ಒಣಗುವವರೆಗೆ ಬೆಸುಗೆಯ ಮಾತೇ ಇಲ್ಲ, ಆವಿ ಹೊತ್ತಿಕೊಂಡರೆ ಮುಖಕ್ಕೇ ಸಿಡಿಯುತ್ತದೆ. ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟು ಆಮೇಲೆ ಕಾದ ಕಬ್ಬಿಣದ ತುದಿಯಿಂದ ಸಾಸಿವೆ ಕಾಳಿಗಿಂತ ಕಡಿಮೆ ಸೀಸ ಮುಟ್ಟಿಸಿದರು. ಸೀಸ ಹೆಚ್ಚಾದರೆ ಫ್ಲೋಟ್ ತೂಕವಾಗುತ್ತದೆ, ಪೆಟ್ರೋಲ್ ಮಟ್ಟ ಏರುತ್ತದೆ, ಗಾಡಿ ಕಪ್ಪು ಹೊಗೆ ಬಿಡುತ್ತದೆ. ಮತ್ತೆ ಬಿಸಿನೀರು. ಈ ಸಲ ಗುಳ್ಳೆ ಬರಲಿಲ್ಲ.

ಜೆಟ್ಟಿನ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಐಡ್ಲಿಂಗ್ ನೋಡಿಕೊಳ್ಳುವ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಗಾಡಿ ಕೆಲವು ತಿಂಗಳು ನಿಂತರೆ ಪೆಟ್ರೋಲ್ ಆರಿ ಅಂಟಾಗಿ ಮೊದಲು ಕಟ್ಟುವುದು ಅದೇ. ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆಯಿಂದ ಕೆದಕಿದರೆ ಮೆದು ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ಅಂಥ ಗಾಡಿಯನ್ನು ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ. ‘ಜೆಟ್ ಹಾಳು ಮಾಡಿದೋನು ಗಾಡಿ ಹಾಳು ಮಾಡಿದ ಅಂತ್ಲೇ ಲೆಕ್ಕ’ ಎನ್ನುತ್ತಾರೆ. ನೆನೆಹಾಕುವುದು, ಕಂಪ್ರೆಸರ್ ಗಾಳಿ ಹೊಡೆಯುವುದು, ತೀರಾ ಬೇಕಾದರೆ ನೈಲಾನ್ ಎಳೆ, ಅಷ್ಟೇ.

ತೊಂದರೆ ಯಾವಾಗ ಬರುತ್ತದೆ ಎಂದು ಅವರು ಕೇಳುವುದಕ್ಕೂ ಕಾರಣವಿದೆ. ಐಡ್ಲಿಂಗ್‌ನಲ್ಲೇ ಆಫ್ ಆದರೆ ಪೈಲಟ್ ಜೆಟ್, ಏರ್ ಸ್ಕ್ರೂ. ಅರ್ಧ ಆಕ್ಸಿಲರೇಟರಿನಲ್ಲಿ ಮುಗ್ಗರಿಸಿದರೆ ಸೂಜಿ. ಪೂರ್ತಿ ತಿರುಗಿಸಿದಾಗ ಎಳೆಯದಿದ್ದರೆ ಮೇನ್ ಜೆಟ್. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಪ್ಲಗ್ ಬಿಚ್ಚಿದರೆ ತುದಿ ಕಂದು ಬಣ್ಣವಿರಬೇಕು. ಮಸಿಗಪ್ಪಾದರೆ ಪೆಟ್ರೋಲ್ ಜಾಸ್ತಿ, ಬಿಳಿಚಿದರೆ ಗಾಳಿ ಜಾಸ್ತಿ. ಊಟಿಯಂಥ ಎತ್ತರಕ್ಕೆ ಹೋದಾಗ ಗಾಡಿ ಮಂಕಾಗುವುದು ದೋಷವಲ್ಲ. ಅಲ್ಲಿ ಗಾಳಿಯೇ ತೆಳು.

ಈ ಕೈಕಸುಬು ಮೈಸೂರಿನಲ್ಲಿ ಬೇರೂರಿದ್ದಕ್ಕೆ ಯಾದವಗಿರಿಯ ಕಾರ್ಖಾನೆ ಕಾರಣ. ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಟ್ಟಿದ ಜಾವಾ ಕಂಪನಿಯ ಬೈಕುಗಳನ್ನು ಇಲ್ಲಿ ತಯಾರಿಸಲು ಫಾರೂಕ್ ಇರಾನಿ ಮತ್ತು ರುಸ್ತುಂ ಇರಾನಿ ಐಡಿಯಲ್ ಜಾವಾ ಆರಂಭಿಸಿದರು. 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 250 ಸಿಸಿ, ಟೂ ಸ್ಟ್ರೋಕ್, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರೂ ಗೇರೂ ಒಂದೇ ಲಿವರ್. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, ದಶಕದ ಕೊನೆಗೆ ರೋಡ್‌ಕಿಂಗ್ ಬಂತು. ನಮ್ಮ ಮೇಸ್ತ್ರಿಯ ಗುರು ಅಲ್ಲಿ ಅಸೆಂಬ್ಲಿಯಲ್ಲಿದ್ದವರು. ಚೆಕ್ ದೇಶದ ಯಿಕೊವ್ ಕಾರ್ಬೊರೇಟರನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದರಂತೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದ ಕೈಗಳು ಊರಿನ ಗಲ್ಲಿಗಳಲ್ಲಿ ಗ್ಯಾರೇಜ್ ತೆರೆದವು. ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದರೂ ಹೊಸ ಗಾಡಿಗೆ ಕಾರ್ಬೊರೇಟರ್ ಇಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದಮೇಲೆ ಬಹುಪಾಲು ಹೊಸ ಬೈಕುಗಳು ಫ್ಯುಯೆಲ್ ಇಂಜೆಕ್ಷನ್‌ಗೆ ಹೊರಳಿವೆ.

ಹಾಗಾದರೆ ಈ ವಿದ್ಯೆಯ ಅಗತ್ಯ ಮುಗಿಯಿತೇ? ಹಳೆಯ ಗಾಡಿಗಳ ಮಟ್ಟಿಗೆ ಅಗತ್ಯ ಹೆಚ್ಚಿದೆ ಎಂದೇ ನನ್ನ ನಂಬಿಕೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಿಗುವುದು ಅದೇ. ಕಬ್ಬು ಬೆಳೆಗಾರರಿಗೆ ಅದರಿಂದ ಒಳಿತಾಗಲಿ, ಆ ಬಗ್ಗೆ ತಕರಾರಿಲ್ಲ. ಆದರೆ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ತುಕ್ಕು ಹಿಡಿಸುತ್ತವೆ. ಹಳೆಯ ರಬ್ಬರ್ ಪೈಪ್, ಸೀಲುಗಳನ್ನು ಎಥೆನಾಲ್ ಉಬ್ಬಿಸಿ ಮೆತ್ತಗಾಗಿಸುತ್ತದೆ. ಜೊತೆಗೆ, ಒಂದು ಪಾಲು ಎಥೆನಾಲ್ ಉರಿಯಲು ಸುಮಾರು 9 ಪಾಲು ಗಾಳಿ ಸಾಕು. ಶುದ್ಧ ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಈ ಮಿಶ್ರಣ ಹರಿದರೆ ಗಾಳಿಯ ಪಾಲು ಹೆಚ್ಚಾಗಿ ಎಂಜಿನ್ ಬಿಸಿಯೇರುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಅದು ಪಿಸ್ಟನ್ ಸೀಜ್ ಆಗುವವರೆಗೂ ಹೋಗಬಹುದು. ಇಂಜೆಕ್ಷನ್ ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ, ಪ್ಲಗ್ಗಿನ ಬಣ್ಣ ನೋಡಿ ಜೆಟ್ ಒಂದು ನಂಬರ್ ಹೆಚ್ಚಿಸಬಲ್ಲ ಮನುಷ್ಯ ಬೇಕು.

ಅಂಥ ಮನುಷ್ಯರೇ ಕಡಿಮೆಯಾಗುತ್ತಿದ್ದಾರೆ. ಒರಿಜಿನಲ್ ಸಾಮಾನು ಸಿಗುವುದು ಅಪರೂಪ, ಡೂಪ್ಲಿಕೇಟ್ ಜೆಟ್ಟುಗಳ ಮೇಲಿನ ನಂಬರಿಗೂ ತೂತಿಗೂ ಹೊಂದಾಣಿಕೆ ಇರುವುದಿಲ್ಲ. ಮೇಸ್ತ್ರಿಯ ಬಳಿ ಮೊದಲು ಇಬ್ಬರು ಹುಡುಗರಿದ್ದರು. ಒಬ್ಬ ಡೆಲಿವರಿ ಕೆಲಸಕ್ಕೆ ಹೋದ, ಇನ್ನೊಬ್ಬ ಷೋರೂಮ್ ಸೇರಿದ. ಇಬ್ಬರ ಮೇಲೂ ಅವರಿಗೆ ಬೇಸರವಿಲ್ಲ. ‘ಹೊಟ್ಟೆಪಾಡು ಸರ್, ಇಲ್ಲಿ ಏನಿದೆ ಕೊಡಕ್ಕೆ’ ಎಂದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಂಗಡಿ ಬಾಗಿಲು ಹಾಕಿ ಬಂದುಬಿಡಿ ಎಂದು ಕರೆಯುತ್ತಿರುತ್ತಾನೆ. ಐಟಿಐಗಳು ಇಂಥವರನ್ನು ವಾರಕ್ಕೊಂದು ದಿನ ಕರೆಸಿ, ಗೌರವಧನ ಕೊಟ್ಟು, ಹುಡುಗ ಹುಡುಗಿಯರ ಕೈಗೆ ಒಂದೊಂದು ಹಳೆಯ ಕಾರ್ಬೊರೇಟರ್ ಕೊಡಿಸಿ ಕಲಿಸಿದರೆ ದೊಡ್ಡ ಖರ್ಚೇನೂ ಆಗದು. ಇದು ಬರೀ ಹಳೆಯ ಬೈಕಿನ ಮೋಹದ ಮಾತಲ್ಲ. ದೋಷವನ್ನು ಬುಡದಿಂದ ಹಂತಹಂತವಾಗಿ ಹುಡುಕುವ ಶಿಸ್ತು ಯಾವ ಯಂತ್ರಕ್ಕೂ ಬೇಕು.

ನಿಮ್ಮ ಮನೆಯಲ್ಲೂ ಅಪ್ಪನ ಯೆಜ್ಡಿಯೋ ಅಣ್ಣನ ಆರ್‌ಎಕ್ಸ್ 100 ಗಾಡಿಯೋ ಮೂಲೆ ಹಿಡಿದು ನಿಂತಿದ್ದರೆ, ಹಳೆಯ ಪೆಟ್ರೋಲನ್ನು ಇವತ್ತೇ ಇಳಿಸಿ, ರಬ್ಬರ್ ಪೈಪ್ ಬದಲಾಯಿಸಿ. ಓಡಿಸುವ ಗಾಡಿಯನ್ನು ಹೆಚ್ಚು ದಿನ ನಿಲ್ಲಿಸುವುದಿದ್ದರೆ ಟ್ಯಾಪ್ ಬಂದ್ ಮಾಡಿ, ಕಾರ್ಬೊರೇಟರಿನಲ್ಲಿರುವಷ್ಟು ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ನಿಮ್ಮೂರಿನ ಹಳೆಯ ಮೇಸ್ತ್ರಿಯ ಬಳಿ ಗಾಡಿ ಒಯ್ಯುವಾಗ ಮನೆಯ ಮಕ್ಕಳನ್ನೂ ಕರೆದೊಯ್ದು, ಕೆಲಸ ಮುಗಿಯುವವರೆಗೆ ಪಕ್ಕದಲ್ಲಿ ಕೂರಿಸಿ. ಕೇಳುವವರಿದ್ದರೆ ಹೇಳಿಕೊಡಲು ಅವರು ಸಿದ್ಧರಿದ್ದಾರೆ.