ಜಾಲತಾಣದ ಛಾಯಾಚಿತ್ರಗಳಲ್ಲಿ ದಾರಿ ತೋರುವುದು

ಹವ್ಯಾಸಿಯೊಬ್ಬನು 500 ಛಾಯಾಚಿತ್ರಗಳನ್ನು ತನ್ನ ಜಾಲತಾಣದ ಒಂದೇ ಪುಟದಲ್ಲಿ ಸುರಿದರೆ, ನೋಡುವವನು ಹತ್ತನೆಯದಕ್ಕೇ ಬೇಸತ್ತು ಹೊರಡುವನು. ಆದುದರಿಂದ ವಿಷಯವಾರು ವಿಂಗಡಿಸಿ, ಮೊದಲು ಕಿರುಪ್ರತಿಗಳನ್ನು ಸಾಲಾಗಿ ಇಡತಕ್ಕದ್ದು. ದೊಡ್ಡ ಚಿತ್ರವನ್ನೇ ಕುಗ್ಗಿಸಿ ತೋರಿಸಿದರೆ 5 ಮೆಗಾಬೈಟಿನ ಕಡತವೆಲ್ಲ ಇಳಿದುಬರಬೇಕಾಗುತ್ತದೆ. ಚಿಕ್ಕ ಪ್ರತಿಯನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು.

ದೊಡ್ಡ ಚಿತ್ರದ ಪುಟದಲ್ಲಿ ‘ಹಿಂದಿನದು’, ‘ಮುಂದಿನದು’, ‘ಪಟ್ಟಿಗೆ’ ಎಂಬ ಕೊಂಡಿಗಳು ಚಿತ್ರದ ಮೇಲ್ಗಡೆ ಇರುವುದು ಲೇಸು. ಕೆಳಗಿಟ್ಟರೆ ಒಂದೊಂದು ಚಿತ್ರದ ಎತ್ತರಕ್ಕೆ ತಕ್ಕಂತೆ ಅವು ಸ್ಥಳ ಬದಲಿಸುತ್ತವೆ. ಈ ತೊಡಕನ್ನು ತಾಣ ಕಟ್ಟಿದವನು ಕಾಣನು. ಅವನಿಗೆ ದಾರಿ ಕಂಠಪಾಠ.

ಕ್ರಮಕ್ಕೆ ತೆಗೆದ ದಿನಾಂಕವೇ ಆಧಾರ. ಜಪಾನಿನಲ್ಲಿ 1995ರಲ್ಲಿ ರೂಪುಗೊಂಡ ಎಕ್ಸಿಫ್ ಪದ್ಧತಿಯಂತೆ ಕ್ಯಾಮೆರಾವೇ ಅದನ್ನು ಕಡತದೊಳಗೆ ಬರೆದಿಡುತ್ತದೆ. ಆದರೆ ನಮ್ಮ ಶಾಲೆಗಳ ಹಳೆಯ ಗುಂಪುಚಿತ್ರಗಳನ್ನು ಸ್ಕ್ಯಾನ್ ಮಾಡಿದಾಗ ಅದು ಇರದು. ಇದ್ದರೂ ಸ್ಕ್ಯಾನ್ ಮಾಡಿದ ದಿನವೇ ಇರುವುದು. ಅಲ್ಲಿ ವರ್ಷವನ್ನು ನಾವೇ ಬರೆಯಬೇಕು. ಹೆಸರುಗಳೂ ಹಾಗೆಯೇ, ಮುಖ ಗುರುತಿಸಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವನ್ನು ಚಿತ್ರದೊಳಗೆ ಅಚ್ಚೊತ್ತದೆ, ಕೆಳಗೆ ಎಡದಿಂದ ಬಲಕ್ಕೆ ಅಕ್ಷರರೂಪದಲ್ಲಿ ಕೊಟ್ಟರೆ, ದೂರದೂರಿನ ಮೊಮ್ಮಗನು ಅಜ್ಜನ ಹೆಸರನ್ನು ಹುಡುಕಿದಾಗ ಆ ಪುಟವು ದೊರೆಯಬಹುದು.