ಸಾಲೋಟಗಿಯ ಸಾಲೆ ಮತ್ತು ಅದರ ಕಲ್ಲುಕಂಬ

ಪ್ರಾಚೀನ ದೇವಾಲಯಗಳನ್ನು ನೋಡಹೋದಾಗ ನಾವು ವಿಗ್ರಹಗಳ ಚೆಲುವನ್ನೂ ಶಿಖರದ ಎತ್ತರವನ್ನೂ ಮೆಚ್ಚಿ ಹಿಂದಿರುಗುವುದು ವಾಡಿಕೆ. ಅಷ್ಟು ಭಾರದ ಕಲ್ಲುಗಳು ಒಂದರ ಮೇಲೊಂದು ಹೇಗೆ ನಿಂತಿವೆ, ಆ ಕಟ್ಟಡದೊಳಗೆ ನಮ್ಮ ಪೂರ್ವಿಕರು ಏನು ಮಾಡುತ್ತಿದ್ದರು ಎಂಬ ಎರಡು ಪ್ರಶ್ನೆಗಳನ್ನು ಕೇಳುವವರು ವಿರಳ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಗ್ರಾಮದ ಒಂದು ಶಾಸನಕಂಬವು ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ.

ಹತ್ತನೆಯ ಶತಮಾನದಲ್ಲಿ ಈ ಊರಿನ ಹೆಸರು ಪಾವಿಟ್ಟಗೆ. ಆಗ ಮಾನ್ಯಖೇಟದಿಂದ ರಾಜ್ಯವಾಳುತ್ತಿದ್ದವನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ಅವನ ಮಂತ್ರಿಯಾದ ನಾರಾಯಣನು ಇಲ್ಲಿ ಬ್ರಹ್ಮ, ವಿಷ್ಣು, ಶಿವರನ್ನೊಳಗೊಂಡ ತ್ರೈಪುರುಷ ದೇವಾಲಯಕ್ಕೆ ಸೇರಿದ ಒಂದು ಸಾಲೆಯನ್ನು, ಎಂದರೆ ವಿದ್ಯಾಶಾಲೆಯನ್ನು, ಕಟ್ಟಿಸಿದನು. ನಾನಾ ಪ್ರಾಂತಗಳಿಂದ ಬಂದ ವಿದ್ಯಾರ್ಥಿಗಳಿಗೆ ೨೭ ಮನೆಗಳಿದ್ದವು. ಗುರುವಿಗೆ ೫೦ ನಿವರ್ತನ ಭೂಮಿ ಮತ್ತು ಒಂದು ಮನೆ. ದೀಪದ ಖರ್ಚಿಗೆಂದೇ ೧೨ ನಿವರ್ತನ ಭೂಮಿಯನ್ನು ಮೀಸಲಿಟ್ಟಿದ್ದರು. ಸೂರ್ಯಾಸ್ತದ ಅನಂತರವೂ ಓದು ಮುಂದುವರಿಯಬೇಕೆಂದು ದಾನಿಗಳು ಬಯಸಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಊರಿನವರೂ ಹಿಂದುಳಿಯಲಿಲ್ಲ. ಮದುವೆಯಾದಾಗ ೫ ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯಗಳನ್ನು ಪ್ರತಿ ಮನೆತನವೂ ಸಾಲೆಗೆ ಸಲ್ಲಿಸಬೇಕೆಂದು ಕಟ್ಟುಮಾಡಲಾಯಿತು. ಸಾಲೆಯ ಕೀರ್ತಿ ಎಷ್ಟು ಹಬ್ಬಿತೆಂದರೆ ಅದು ಊರ ಹೆಸರಿನೊಳಗೇ ಸೇರಿತು. ‘ಸಾಲೆ’ ಮತ್ತು ‘ಪಾವಿಟ್ಟಗೆ’ ಎಂಬ ಮಾತುಗಳು ಕೂಡಿ ‘ಸಾಲೋಟಗಿ’ ಆಯಿತೆಂದು ವಿದ್ವಾಂಸರು ಊಹಿಸಿದ್ದಾರೆ.

ಸಾವಿರ ವರ್ಷ ಹಿಂದಿನ ಈ ಮಾತುಗಳನ್ನು ಪರೀಕ್ಷಿಸುವ ಬಗೆ ಉಂಟೆ? ಉಂಟು. ದಾನದ ದಿನವನ್ನು ಶಾಸನವು ಶಕ ೮೬೭, ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ ಎಂದು ಹೇಳುತ್ತದೆ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ ೨೯.೫೩ ದಿನಗಳು. ಇಂದಿನ ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸುತ್ತ ಹೋಗಿ, ಸೂರ್ಯಚಂದ್ರರ ಗತಿಯಲ್ಲಿನ ಏರುಪೇರುಗಳನ್ನು ಸರಿಪಡಿಸಿದರೆ, ಕ್ರಿ.ಶ. ೯೪೫ರ ಸೆಪ್ಟೆಂಬರ್ ೯ನೆಯ ದಿನಾಂಕ ದೊರೆಯುತ್ತದೆ. ಅಂದು ಮಂಗಳವಾರವೇ. ಅಂದು ಚಂದ್ರನು ತನ್ನ ಕಕ್ಷೆಯ ಪಾತಬಿಂದುವಿನ, ಎಂದರೆ ರಾಹುಕೇತುಗಳೆಂದು ನಾವು ಕರೆಯುವ ಸ್ಥಾನದ, ಸಮೀಪದಲ್ಲಿದ್ದನು. ಆದುದರಿಂದ ಗ್ರಹಣವೂ ನಿಜ. ಇಂದಿನ ನಮ್ಮ ಗಡಿಯಾರದ ಪ್ರಕಾರ ಅಮಾವಾಸ್ಯೆಯ ಕ್ಷಣವು ನಡುಹಗಲಿನ ವೇಳೆಗೆ ಬರುತ್ತದೆ. ತಿಥಿ, ವಾರ, ಗ್ರಹಣ ಎಂಬ ಮೂರು ಸಾಕ್ಷಿಗಳು ಒಂದೇ ದಿನದಲ್ಲಿ ಕೂಡಿಬರುವುದು ಆಕಸ್ಮಿಕವಲ್ಲ. ಹೀಗೆ ಕಲ್ಲು ಹೇಳುವುದನ್ನು ಆಕಾಶವು ಅನುಮೋದಿಸುತ್ತದೆ.

ಕಂಬವೇನೋ ಉಳಿಯಿತು, ಆದರೆ ಸಾಲೆ ಉಳಿಯಲಿಲ್ಲ. ಅದು ಶಿಥಿಲವಾಗಿ ಬಿದ್ದುದನ್ನೂ, ಸ್ಥಳೀಯ ಅಧಿಪತಿಯೊಬ್ಬನು ಮತ್ತೆ ಕಟ್ಟಿಸಿದುದನ್ನೂ ಅದೇ ಕಂಬದ ಮೇಲಿನ ಕನ್ನಡ ಬರಹ ತಿಳಿಸುತ್ತದೆ. ಆ ಎರಡನೆಯ ಕಟ್ಟಡವೂ ಇಂದು ನಿಂತಿಲ್ಲ. ಮಂಟಪ ಬಿದ್ದರೂ ಕಂಬ ನಿಲ್ಲುವುದು ನಮ್ಮ ನಾಡಿನ ಅನೇಕ ಹಾಳೂರುಗಳಲ್ಲಿ ಕಂಡುಬರುವ ಸಂಗತಿ. ಇದಕ್ಕೆ ಕಾರಣವೇನೆಂಬುದನ್ನು ಒಂದು ಸೀಮೆಸುಣ್ಣದ ತುಂಡಿನಿಂದ ತಿಳಿಯಬಹುದು. ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿರಿ, ಸುಲಭವಾಗಿ ಪುಡಿಯಾಗದು. ಎರಡು ಪುಸ್ತಕಗಳ ನಡುವೆ ಅಡ್ಡಲಾಗಿಟ್ಟು ನಡುವೆ ಒತ್ತಿರಿ, ಥಟ್ಟನೆ ಮುರಿಯುತ್ತದೆ. ಬಾಗಿದ ತುಂಡಿನ ಮೇಲ್ಮೈ ಒತ್ತಡಕ್ಕೂ ಕೆಳಮೈ ಎಳೆತಕ್ಕೂ ಒಳಗಾಗುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ಸಹಿಸುತ್ತದೆ. ಎಳೆತವನ್ನು ಸಹಿಸುವ ಶಕ್ತಿ ಅದರ ಹತ್ತನೆಯ ಒಂದು ಪಾಲು ಅಥವಾ ಇನ್ನೂ ಕಡಿಮೆ. ಆದುದರಿಂದ ಬಿರುಕು ಮೊದಲು ತೊಲೆಯ ಕೆಳಗಡೆ ಹುಟ್ಟುತ್ತದೆ.

ಇನ್ನೊಂದು ಲೆಕ್ಕವೂ ಉಂಟು. ತೊಲೆಯ ದಪ್ಪವನ್ನು ಹೆಚ್ಚಿಸದೆ ಉದ್ದವನ್ನು ಮಾತ್ರ ಇಮ್ಮಡಿಗೊಳಿಸಿದರೆ, ಅದರ ಸ್ವಂತ ಭಾರದಿಂದಲೇ ಕೆಳಮೈಯ ಎಳೆತವು ನಾಲ್ಮಡಿಯಾಗುತ್ತದೆ. ನಮ್ಮ ಶಿಲ್ಪಿಗಳು ಈ ಸೂತ್ರವನ್ನು ಬರೆದಿಡದಿದ್ದರೂ ಅನುಭವದಿಂದ ಬಲ್ಲವರಾಗಿದ್ದರು. ಆದುದರಿಂದಲೇ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತಾಗಿವೆ. ಕಂಬದ ತಲೆಯ ಮೇಲೆ ಇಕ್ಕೆಲಕ್ಕೂ ಚಾಚಿಕೊಂಡಿರುವ ಬೋದಿಗೆಯು ಬರಿಯ ಅಲಂಕಾರವಲ್ಲ. ಅದು ತೊಲೆಗೆ ಆಸರೆಯಿಲ್ಲದ ಉದ್ದವನ್ನು ಕಡಿಮೆ ಮಾಡುತ್ತದೆ. ನಾಲ್ಕು ತೊಲೆಗಳ ನಡುವಣ ಅಂಕಣವನ್ನು ಮುಚ್ಚುವಾಗ ಮೂಲೆಗಳಿಗೆ ತ್ರಿಕೋನಾಕಾರದ ಚಪ್ಪಡಿಗಳನ್ನಿಟ್ಟು ತೆರಪನ್ನು ಸುತ್ತುಸುತ್ತಾಗಿ ಕಿರಿದುಗೊಳಿಸುವ ಉಪಾಯವೂ ಅದೇ ಉದ್ದೇಶದ್ದು. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿಯಲ್ಲಿ, ಶಾಸನಗಳು ಸಂಗಮೇಶ್ವರನೆಂದು ಕರೆಯುವ ಚಾಲುಕ್ಯ ಶೈಲಿಯ ದೇವಾಲಯವಿದೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಕಂಬದಿಂದ ಕಂಬಕ್ಕಿರುವ ದೂರವನ್ನು ಹೆಜ್ಜೆಯಿಂದಾದರೂ ಅಳೆದು ನೋಡಬೇಕು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಳ್ಳಿಯ ಇಗರ್ಜಿಯನ್ನು ಕಟ್ಟಿದವರಿಗೂ ಕಲ್ಲಿನ ದೌರ್ಬಲ್ಯ ತಿಳಿದಿತ್ತು. ಅವರು ತೊಲೆಯ ಬದಲಿಗೆ ಕಮಾನನ್ನು ಆರಿಸಿಕೊಂಡರು. ಕಮಾನಿನಲ್ಲಿ ಕಲ್ಲುಗಳು ಪರಸ್ಪರ ಒತ್ತಿಕೊಳ್ಳುವುದರಿಂದ ಎಳೆತದ ಭಯವಿಲ್ಲ. ಆದರೆ ಅದು ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಆದಕಾರಣ ಗೋಡೆಗೆ ಹೊರಗಿನಿಂದ ಆನುಗಟ್ಟೆಗಳು ಬೇಕಾದವು. ನಮ್ಮ ಜಿಲ್ಲೆಯಲ್ಲಿಯೇ ಆದಿಲಶಾಹಿ ಶಿಲ್ಪಿಗಳು ಕಮಾನು ಮತ್ತು ಗಾರೆಯ ಬಲದಿಂದ, ನಡುವೆ ಒಂದು ಕಂಬವೂ ಇಲ್ಲದೆ, ೧೬೫೬ರ ಹೊತ್ತಿಗೆ ಗೋಳಗುಮ್ಮಟವನ್ನು ನಿಲ್ಲಿಸಿದರು. ಅದರ ಒಳಾಂಗಣದ ಅಗಲ ಸುಮಾರು ೪೧ ಮೀಟರ್. ತೊಲೆಯ ಮಂಟಪದಲ್ಲಾದರೋ ಭಾರವೆಲ್ಲ ನೇರವಾಗಿ ಕೆಳಗಿಳಿಯುತ್ತದೆ. ತಳಹದಿ ಕುಸಿದು ಒಂದು ಕಂಬ ವಾಲಿದರೆ ತೊಲೆ ಜಾರುತ್ತದೆ ಅಥವಾ ಮುರಿಯುತ್ತದೆ. ಅದರೊಡನೆ ಚಾವಣಿಯೂ ಬೀಳುತ್ತದೆ. ಉಳಿದ ಕಂಬಗಳು ಮಾತ್ರ ಹೊರೆ ಇಳಿದು ಹಾಗೆಯೇ ನಿಲ್ಲುತ್ತವೆ. ಇಂಡಿ, ಸಿಂದಗಿಗಳ ಕರಿಗಲ್ಲಾಗಲಿ ಮುದ್ದೇಬಿಹಾಳದ ಕಡೆಯ ತಾಳಿಕೋಟೆಯ ಸುಣ್ಣಗಲ್ಲಾಗಲಿ, ಎಲ್ಲವೂ ಈ ನಿಯಮಕ್ಕೆ ಅಧೀನ.

ಕಂಬಕ್ಕೆ ಭಾರದ ಭಯವಿಲ್ಲವೆಂದ ಮಾತ್ರಕ್ಕೆ ಅದರ ಬರಹಕ್ಕೆ ಭಯವಿಲ್ಲವೆಂದಲ್ಲ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಬಳಿಯುವ ಎಣ್ಣೆಬಣ್ಣ, ಮೆತ್ತುವ ಸಿಮೆಂಟು, ಉಜ್ಜುವ ಯಂತ್ರ ಇವು ಸಾವಿರ ವರ್ಷಗಳ ಮಳೆಬಿಸಿಲು ಅಳಿಸದ ಅಕ್ಷರಗಳನ್ನು ಒಂದೇ ದಿನದಲ್ಲಿ ಅಳಿಸಬಲ್ಲವು. ಸಾಲೋಟಗಿಯ ಕಂಬ ಹಾಗೆ ಅಳಿದಿದ್ದರೆ, ಈ ನೆಲದ ಒಂದು ಹಳ್ಳಿಯವರು ತಮ್ಮ ಮನೆಯ ಮಂಗಳಕಾರ್ಯಗಳಲ್ಲಿ ಪರನಾಡಿನ ಮಕ್ಕಳ ಓದಿಗಾಗಿ ಹಣ ತೆಗೆದಿಡುತ್ತಿದ್ದರೆಂಬುದು ನಮಗೆ ಎಂದಿಗೂ ತಿಳಿಯುತ್ತಿರಲಿಲ್ಲ. ನಿಮ್ಮ ಊರಿನ ಗುಡಿಯಲ್ಲಿ, ಕೆರೆಯ ಏರಿಯಲ್ಲಿ ಅಥವಾ ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಬಣ್ಣ ಬಳಿಯಗೊಡದೆ, ಕದಲಿಸದೆ, ಪ್ರಾಚ್ಯವಸ್ತು ಇಲಾಖೆಗೆ ತಿಳಿಸಿರಿ. ಓದುವವರಿಗಾಗಿ ದೀಪ ಹಚ್ಚಿಟ್ಟ ಹಿರಿಯರಿಗೆ ಓದುವವರು ಸಲ್ಲಿಸಬಹುದಾದ ಋಣ ಇದು.